ಹೊಸತೊಡಕಿಗೆ ಯಾವ ಮರಿ?
ಹಾರನಹಳ್ಳಿ ಹಿತ್ತಿಲುಗಳ ವಸಂತ ಸಮಾಚಾರ

ಹಾರನಹಳ್ಳಿ: ಯುಗಾದಿ ಹತ್ತಿರ ಬಂತೆಂದರೆ ಈ ಕಡೆಯ ಹಿತ್ತಿಲುಗಳಲ್ಲಿ ಒಂದು ಗುಟ್ಟಿನ ಜಗಳ ಶುರುವಾಗುತ್ತದೆ. ಮನೆಯ ಯಜಮಾನ ಟಗರು ಮರಿಯ ಬೆನ್ನು ಹಿಸುಕಿ ನೋಡುತ್ತಾನೆ. ಯಜಮಾನಿ ಮುಖ ತಿರುಗಿಸುತ್ತಾಳೆ. ಸ್ಕೂಲಿಗೆ ಹೋಗುವ ಹುಡುಗ ಹಗ್ಗ ಬಿಚ್ಚಿಕೊಂಡು ಮರಿಯನ್ನು ತೆಂಗಿನ ತೋಟಕ್ಕೆ ಎಳೆದೊಯ್ಯುತ್ತಾನೆ. ಯಾಕೆ ಅಂತ ಕೇಳಬೇಕಾಗಿಲ್ಲ. ಹಬ್ಬದ ಮಾರನೇ ದಿನ ಹೊಸತೊಡಕು.

ಹಳೇ ಮೈಸೂರು ಸೀಮೆಯಲ್ಲಿ ಯುಗಾದಿಯ ದಿನ ಬೇವು ಬೆಲ್ಲ, ಒಬ್ಬಟ್ಟು. ಮರುದಿನ ಬಾಡೂಟ. ಮಾಂಸ ತಿನ್ನುವ ಮನೆಗಳಲ್ಲಿ ಅವತ್ತು ಒಲೆಯ ಮೇಲೆ ಬಾಡಿನ ಎಸರು ಕುದಿಯದಿದ್ದರೆ ವರ್ಷವೆಲ್ಲ ಬರ ಅಂತ ನಂಬಿಕೆ. ವರ್ಷಪೂರ್ತಿ ಚೀಟಿ ಕಟ್ಟಿ, ಹತ್ತಾರು ಮನೆ ಸೇರಿ ಮರಿ ಕೊಂಡು, ಗುಡ್ಡೆ ಹಾಕಿ ಹಂಚಿಕೊಳ್ಳುವ ಊರುಗಳೂ ಉಂಟು. ಆ ಒಂದು ದಿನಕ್ಕೆ ಮರಿಗೆ ಸಿಗುವ ಬೆಲೆ ಬೇರೆ ದಿನ ಸಿಗೋದು ಕಷ್ಟ. ಎಲ್ಲರ ಕಣ್ಣೂ ಹಿತ್ತಿಲ ಕಡೆಗೇ.

ವಸಂತಕ್ಕೂ ಕುರಿಮರಿಗೂ ಗಂಟು ಹಾಕುವುದು ಶೀತದೇಶದವರ ರೂಢಿ. ಅಲ್ಲಿ ಹಿಮ ಕರಗಿ ಹುಲ್ಲು ಚಿಗುರುವ ಹೊತ್ತಿಗೆ ಕುರಿ ಈಯುತ್ತದೆ. ಅರಸೀಕೆರೆ ತಾಲ್ಲೂಕಿನಲ್ಲಿ ಹುಲ್ಲು ಬರೋದು ಮಳೆಗೆ, ವಸಂತಕ್ಕಲ್ಲ. ಮುಂಗಾರಿನ ಹಸಿರು ಮೇಯ್ದು ಮೈತುಂಬಿಕೊಂಡ ಕುರಿ ಗಬ್ಬವಾದರೆ ಐದು ತಿಂಗಳು ಲೆಕ್ಕ. ರಾಗಿ ಕುಯ್ಲಿನ ಆಸುಪಾಸಿಗೆ ಮರಿ. ಹೊಂಗೆ ಚಿಗುರಿ ಬೇವು ಹೂ ಬಿಡುವ ಹೊತ್ತಿಗೆ ಆ ಮರಿಗೆ ನಾಲ್ಕು ತಿಂಗಳು ತುಂಬಿರುತ್ತದೆ. ತಾಯಿ ಹಾಲು ಬಿಟ್ಟು, ಕಂಡ ಎಲೆಗೆಲ್ಲ ಬಾಯಿ ಹಾಕುತ್ತಾ, ಮಕ್ಕಳ ಹಿಂದೆ ನಾಯಿಯ ಹಾಗೆ ಓಡಾಡುವ ವಯಸ್ಸು. ಮಾರುವ ಮಾತು ಬರುವುದೂ ಆಗಲೇ.

ಅರಸೀಕೆರೆಯಿಂದ ಎಂಟು ಕಿಲೋಮೀಟರ್ ದೂರದ ಹಾರನಹಳ್ಳಿಯ ಹೆಸರು ಕೇಳಿದವರಿಗೆ ನೆನಪಾಗೋದು ಎರಡು. ಒಂದು, ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಮೂವರು ಅಣ್ಣತಮ್ಮಂದಿರು 1235ರ ಸುಮಾರಿಗೆ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಸ್ಥಾನ. ಇನ್ನೊಂದು ಕೋಡಿಮಠ. ಯುಗಾದಿ ಬಂದರೆ ಮಳೆ ಬೆಳೆ ಹೇಗೋ ಏನೋ ಅಂತ ನಾಡಿನ ಪತ್ರಿಕೆಗಳು ಕೋಡಿಮಠದ ಕಡೆ ಕಿವಿ ಇಡುತ್ತವೆ. ಊರೊಳಗಿನ ಹೆಂಗಸರ ಭವಿಷ್ಯ ಮಾತ್ರ ಇನ್ನೂ ಹತ್ತಿರದ್ದು. ಅಶ್ವಿನಿ ಬರುತ್ತೋ ಇಲ್ಲವೋ, ಭರಣಿ ಸುರಿಯುತ್ತೋ ಇಲ್ಲವೋ, ಅಲ್ಲಿವರೆಗೆ ಬಚ್ಚಲ ನೀರಲ್ಲಿ ಬಸಳೆ ಬದುಕುತ್ತೋ ಇಲ್ಲವೋ.

ಸಾಕೋದು ಅಂದರೆ ಸುಮ್ಮನೆ ಅಲ್ಲ

ಹಾಸನ ಜಿಲ್ಲೆಗೆ ತನ್ನದೇ ಹೆಸರಿನ ಕುರಿ ತಳಿ ಇದೆ ಎಂಬುದು ಜಿಲ್ಲೆಯವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬಿಳಿ ಮೈ, ಅಲ್ಲಲ್ಲಿ ಕಂದು ಇಲ್ಲವೇ ಕಪ್ಪು ಮಚ್ಚೆ, ಸಣ್ಣ ಗಾತ್ರ. ದೇಶದ ಅಧಿಕೃತ ತಳಿಗಳ ಪಟ್ಟಿಯಲ್ಲಿ ಬಳ್ಳಾರಿ, ದಖ್ಖನಿ, ಕೆಂಗುರಿ, ಮಂಡ್ಯ ತಳಿಗಳ ಜೊತೆ ಹಾಸನವೂ ಉಂಟು. ಮಂಡ್ಯದ ಬನ್ನೂರು ಕುರಿಗೆ ಇರುವ ಹೆಸರು ಇದಕ್ಕೆ ಬರಲಿಲ್ಲ. ಬಾಡಿನ ರುಚಿಯಲ್ಲಿ ಬನ್ನೂರು ಮುಂದು ಅಂತ ಪೇಟೆ ತೀರ್ಮಾನ ಮಾಡಿಬಿಟ್ಟಿದೆ.

ಈ ಕುರಿ ಅವಳಿ ಈಯುವುದು ಅಪರೂಪ. ಇರುವ ಒಂದೇ ಮರಿ ಸತ್ತರೆ ಆ ಸಲದ ಸಂಪಾದನೆ ಸೊನ್ನೆ. ಹುಟ್ಟಿದ ಗಂಟೆಯೊಳಗೆ ಗಿಣ್ಣು ಹಾಲು ಹೊಟ್ಟೆಗೆ ಹೋಗಬೇಕು. ಹೊಕ್ಕುಳಿಗೆ ಟಿಂಚರ್ ಹಚ್ಚಬೇಕು. ತಾಯಿ ಮರಿಯನ್ನು ಗುರುತಿಸೋದು ವಾಸನೆಯಿಂದ. ಮೊದಲ ಹೊತ್ತಿನಲ್ಲಿ ಮರಿಯನ್ನು ಎತ್ತಿ ಮುದ್ದಾಡಿ ನಮ್ಮ ಮೈ ವಾಸನೆ ಹಚ್ಚಿಬಿಟ್ಟರೆ ತಾಯಿ ಒದ್ದು ದೂಡುವುದೂ ಉಂಟು. ಆಮೇಲೆ ಸೀಸೆಯಲ್ಲಿ ಹಾಲು ಹಿಡಿದು, ರಾತ್ರಿ ಎರಡು ಸಲ ಎದ್ದು, ಕೂಸಿನಂತೆ ಸಾಕಬೇಕು. ಅಂಥ ತಬ್ಬಲಿ ಮರಿಯೇ ಮನೆಯವರಿಗೆ ಹೆಚ್ಚು ಅಂಟಿಕೊಳ್ಳೋದು.

ಎರಡು ವಾರಕ್ಕೆ ಮರಿ ಸೊಪ್ಪು ಕಚ್ಚಲು ಶುರು. ತಿಳಿದವರು ಸೊಪ್ಪನ್ನು ನೆಲಕ್ಕೆ ಹಾಕುವುದಿಲ್ಲ. ಅಗಸೆ, ಹಲಸು, ಹಾಲುವಾಣದ ಟೊಂಗೆಗಳನ್ನು ಕಂತೆ ಕಟ್ಟಿ ಮರಿಯ ಮೂತಿಯ ಎತ್ತರಕ್ಕೆ ತೂಗು ಹಾಕುತ್ತಾರೆ. ನೆಲದ ಸೊಪ್ಪು ಹಿಕ್ಕೆ ಉಚ್ಚೆಗೆ ಸೇರಿ ಹೊಟ್ಟೆಹುಳು ತರುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಎಷ್ಟು ಮರಿ ಉಳಿದಿವೆ, ಎಷ್ಟು ಹೋಗಿವೆ!

ಇನ್ನು ದೊಡ್ಡ ಹೆದರಿಕೆ ಪಿ.ಪಿ.ಆರ್. ಜ್ವರ, ಮೂಗು ಸೋರುವುದು, ಬಾಯಿಹುಣ್ಣು, ಭೇದಿ. ನಮ್ಮ ದೇಶದಲ್ಲಿ ಈ ರೋಗವನ್ನು ಮೊದಲು ಕಂಡಿದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಹೊಕ್ಕಿದ ಹಟ್ಟಿಯಲ್ಲಿ ಮರಿಗಳನ್ನು ಸಾಲಾಗಿ ಮಲಗಿಸಿಬಿಡುತ್ತದೆ. ನಾಲ್ಕು ತಿಂಗಳು ತುಂಬಿದ ಮರಿಗೆ ಲಸಿಕೆ ಹಾಕಿಸಿದರೆ ವರ್ಷಗಟ್ಟಲೆ ಕಾಪಾಡುತ್ತದೆ. ಕರುಳುಬೇನೆಯ ಲಸಿಕೆ ಬೇರೆ. ಅದು ಮೊದಲ ಮಳೆಗೆ ಮುಂಚೆಯೇ ಆಗಬೇಕು. ಒಣಗಿದ್ದ ಹೊಟ್ಟೆಗೆ ಎಳೆ ಹುಲ್ಲು ದಿಢೀರನೆ ಬಿದ್ದಾಗಲೇ ಆ ಬೇನೆ ಬಡಿಯೋದು. ಚೆನ್ನಾಗಿ ಮೇಯ್ದು ದುಂಡಗಿರುವ ಮರಿಯೇ ಮೊದಲು ಬೀಳುತ್ತದೆ. ಅಂದರೆ ಲಸಿಕೆಗೆ ತಕ್ಕ ಕಾಲ ಇದೇ ಯುಗಾದಿಯ ಹಿಂದುಮುಂದು. ಹಬ್ಬಕ್ಕೆ ಮಾರಿಬಿಡುವ ಮರಿಗೆ ಸೂಜಿ ಯಾಕೆ ದಂಡ ಅನ್ನುವ ಜಾಣರಿದ್ದಾರೆ. ಹಬ್ಬಕ್ಕೆ ಮಾರಾಟವಾಗದೆ ಉಳಿದ ಮರಿ ಮಳೆಗೆ ಸತ್ತಾಗ ಆ ಜಾಣತನದ ಬೆಲೆ ತಿಳಿಯುತ್ತದೆ.

ಹಿತ್ತಿಲಿಗೆ ಹಿಕ್ಕೆಯೇ ಬಂಗಾರ

ಕುರಿ ಇರುವ ಮನೆಯ ಹಿತ್ತಿಲು ನೋಡಿದರೇ ತಿಳಿಯುತ್ತದೆ. ಬದನೆ ಗಿಡದ ಎಲೆ ಅಂಗೈ ಅಗಲ. ಕೃಷಿ ಪುಸ್ತಕಗಳ ಲೆಕ್ಕದಂತೆ ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡಾ ಅರ್ಧದಷ್ಟಿದ್ದರೆ ಕುರಿ ಗೊಬ್ಬರದಲ್ಲಿ ಶೇಕಡಾ 3ರ ತನಕ. ಈ ಲೆಕ್ಕ ಓದದ ತೆಂಗಿನ ತೋಟದವರಿಗೂ ಸಂಗತಿ ಗೊತ್ತು. ಬೇಸಿಗೆಯಲ್ಲಿ ಬಯಲುಸೀಮೆಯಿಂದ ಮಂದೆ ಹೊಡೆದುಕೊಂಡು ಬರುವ ಕುರಿಗಾಹಿಗಳನ್ನು ಕರೆದು, ರಾತ್ರಿ ಇಷ್ಟು ಅಂತ ದುಡ್ಡೋ ರಾಗಿಯೋ ಕೊಟ್ಟು, ತೋಟದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ.

ಹಿತ್ತಿಲಿಗೆ ಅಷ್ಟೆಲ್ಲ ಬೇಡ, ಎರಡು ಕುರಿ ಸಾಕು. ಆದರೆ ಹಸಿ ಹಿಕ್ಕೆ ಬುಡಕ್ಕೆ ಸುರಿದರೆ ಗಿಡ ಬೆಂದು ಹೋಗುತ್ತದೆ, ಅದು ‘ಉಷ್ಣ’. ಗುಂಡಿಗೆ ಹಾಕಿ, ತರಗು ಬೂದಿ ಸೇರಿಸಿ, ನೀರು ತಳಿದು, ಮೂರು ನಾಲ್ಕು ತಿಂಗಳು ಕೊಳೆಸಬೇಕು. ಸಂಕ್ರಾಂತಿಗೆ ಮುಂಚೆ ತುಂಬಿದ ಗುಂಡಿ ಭರಣಿ ಮಳೆಗೆ ತೆಗೆಯಲು ಸರಿ. ಆ ಮಳೆಗೇ ಕುಂಬಳ, ಹೀರೆ, ಪಡವಲದ ಬೀಜ ಊರೋದು. ನುಗ್ಗೆಗೆ ಯಾರ ಹಂಗೂ ಇಲ್ಲ, ಅದು ಬೇಲಿ ಪಕ್ಕ ತನ್ನ ಪಾಡಿಗೆ ಕಾಯಿ ಬಿಡುತ್ತದೆ. ಅದೇ ಜಿಲ್ಲೆಯ ಸಕಲೇಶಪುರದಲ್ಲಿ ಬೀಳುವ ಮಳೆಯಲ್ಲಿ ಮೂರನೇ ಒಂದು ಪಾಲು ಬಿದ್ದರೆ ಪುಣ್ಯ ಅನ್ನುವ ಈ ಕಡೆ, ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಸ್ನಾನದ ನೀರು ಒಂದು ತೊಟ್ಟೂ ಮೋರಿಗೆ ಹೋಗಬಾರದು. ಬಾಳೆ ಬಚ್ಚಲ ಪಕ್ಕ ಇರೋದು ಅದಕ್ಕೇ.

ತಕರಾರು ಒಂದೇ. ಮರಿ ಮತ್ತು ಹಿತ್ತಿಲು ಒಬ್ಬರಿಗೊಬ್ಬರು ಆಗಿಬರುವುದಿಲ್ಲ. ಬೇಲಿಯಲ್ಲಿ ಗೇಣಗಲ ಕಂಡಿ ಇದ್ದರೆ ಸಾಕು, ವಾರದಿಂದ ಬಚ್ಚಲ ನೀರು ಕುಡಿದು ಚಿಗುರಿದ ಬಸಳೆ ಅರ್ಧ ನಿಮಿಷಕ್ಕೆ ಖಾಲಿ. ಬೈಸಿಕೊಳ್ಳೋದು ಹುಡುಗ.

ಉಲ್ಲನ್ನಿನಲ್ಲಿ ಉಣ್ಣೆ ಎಲ್ಲಿ?

ಮಧ್ಯಾಹ್ನದ ಬಿಸಿಲಿಗೆ ಜಗುಲಿ ಮೇಲೆ ಕೂತ ಹೆಂಗಸರ ಕೈಯಲ್ಲಿ ಎರಡು ಕಡ್ಡಿ, ಮಡಿಲಲ್ಲಿ ಗುಲಾಬಿ ಬಣ್ಣದ ಉಂಡೆ. ಸುಗ್ಗಿ ಮುಗಿದಿದೆ, ಬಿತ್ತನೆಗೆ ಇನ್ನೂ ಕಾಲವಿದೆ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವ ಮಗಳಿಗೆ ಕೂಸಿನ ಕುಲಾವಿ, ಕಾಲುಚೀಲ ಆಗಬೇಕು. ಒಂದು ಸೀದಾ, ಒಂದು ಉಲ್ಟಾ. ಮಹಿಳಾ ಸಮಾಜಗಳಲ್ಲಿ ಕಸೂತಿ ಜೊತೆ ಹೆಣಿಗೆ ಹೇಳಿಕೊಟ್ಟ ಕಾಲದವರು ಕಣ್ಣು ಬಿಟ್ಟುಕೊಂಡು ಮಾತಾಡುತ್ತಲೇ ಹೆಣೆಯುತ್ತಾರೆ. ಬೆರಳು ಲೆಕ್ಕ ತಪ್ಪುವುದಿಲ್ಲ.

ಆದರೆ ಆ ಉಂಡೆಯಲ್ಲಿ ಕುರಿ ಇಲ್ಲ ಸ್ವಾಮಿ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದರಲ್ಲಿ ಬಹುಪಾಲು ಅಕ್ರಿಲಿಕ್, ಪೆಟ್ರೋಲಿಯಂನಿಂದ ಮಾಡಿದ ನೂಲು. ಕಾಲ ಬುಡದಲ್ಲಿ ನಿಜವಾದ ಉಣ್ಣೆ ಹೊತ್ತ ಮರಿ ಮಲಗಿದೆ, ಕೈಯಲ್ಲಿ ಕಾರ್ಖಾನೆಯ ದಾರ. ಊರಿನ ಉಣ್ಣೆ ಒರಟು, ಕೂಸಿನ ಮೈಗೆ ಚುಚ್ಚುತ್ತದೆ ಅನ್ನೋದೂ ಸುಳ್ಳಲ್ಲ. ಒರಟು ಉಣ್ಣೆಗೆ ತಕ್ಕದ್ದು ಕಂಬಳಿ.

ಕಂಬಳಿಯ ಕಥೆ ಹೇಳಿದರೆ ಮುಗಿಯದು. ಕತ್ತರಿಸಿದ ಉಣ್ಣೆಯನ್ನು ಬಿಲ್ಲಿನಿಂದ ಹಿಂಜಿ, ಹೆಂಗಸರು ರಾಟೆಯಲ್ಲಿ, ಗಂಡಸರು ಕುರಿ ಹಿಂದೆ ನಡೆಯುತ್ತಲೇ ಕದಿರಿನಲ್ಲಿ ನೂಲುತ್ತಿದ್ದರು. ಬೀದಿಯಲ್ಲಿ ಹಾಸು ಎಳೆದು ಕಟ್ಟಿ, ಹುಣಸೆ ಬೀಜದ ಗಂಜಿ ಬಳಿದು ಒಣಗಿಸಿ, ಗುಳಿಮಗ್ಗದಲ್ಲಿ ನೇಯುವುದು. ಬಣ್ಣ ಹಾಕುವ ಮಾತಿಲ್ಲ, ಕುರಿಯ ಬಣ್ಣವೇ ಕಂಬಳಿಯ ಬಣ್ಣ. ಮರಿಯ ಮೊದಲ ಉಣ್ಣೆಯದು ಎಲ್ಲಕ್ಕಿಂತ ಮೆತ್ತಗೆ. ಮಳೆಯಲ್ಲಿ ಕೊಪ್ಪೆ, ಚಳಿಯಲ್ಲಿ ಹೊದಿಕೆ, ದೇವರಿಗೆ ಗದ್ದುಗೆ, ನೆಂಟರಿಗೆ ಹಾಸು. ಪ್ಲಾಸ್ಟಿಕ್ ಹಾಳೆ, ಅಗ್ಗದ ರಗ್ಗು ಬಂದವು. ಚಳ್ಳಕೆರೆ ಕಡೆ ಮಗ್ಗ ಇನ್ನೂ ಆಡುತ್ತಿವೆ. ಇಲ್ಲಿ ಕತ್ತರಿಸುವವನ ಕೂಲಿಗೂ ಉಣ್ಣೆಯ ದುಡ್ಡು ಸಾಲದೆ ಬೇಲಿ ಬುಡಕ್ಕೆ ಎಸೆಯುವವರಿದ್ದಾರೆ. ಕುರಿ ಅಂದರೆ ಈಗ ಬಾಡು ಮಾತ್ರ. ಹೊಸತೊಡಕಿನ ಜಗಳ ಇಷ್ಟು ಬಿಗಿಯಾಗಿರುವುದಕ್ಕೂ ಅದೇ ಕಾರಣ. ಉಣ್ಣೆಗೆ ಬೆಲೆ ಇದ್ದ ಕಾಲದಲ್ಲಿ ಟಗರನ್ನೂ ಇನ್ನೆರಡು ವರ್ಷ ಕತ್ತರಿಸಿ ಇಟ್ಟುಕೊಳ್ಳಲು ಒಂದು ನೆಪವಿತ್ತು.

ಕೊನೆಗೆ ಗೆಲ್ಲೋದು ಯಾರು? ಹೆಚ್ಚಾಗಿ ಯಜಮಾನಿಯ ಲೆಕ್ಕವೇ. ಹೆಣ್ಣು ಮರಿಯನ್ನು ಆಕೆ ಯಾವ ಬೆಲೆಗೂ ಬಿಡುವುದಿಲ್ಲ. ಅದು ಮುಂದಿನ ವರ್ಷದ ಫೀಸು, ಆಸ್ಪತ್ರೆ, ಸೀರೆ. ಕೈಯಲ್ಲಿ ಬಂಡವಾಳ ಇಲ್ಲದವರು ಉಳ್ಳವರ ಕುರಿಯನ್ನು ವಾರಕ್ಕೆ ತಂದು, ಹುಟ್ಟಿದ ಮರಿಯಲ್ಲಿ ಅರ್ಧ ಪಾಲು ಪಡೆದು ಹೀಗೇ ಒಂದೊಂದಾಗಿ ಸ್ವಂತ ಮಾಡಿಕೊಂಡಿದ್ದಾರೆ. ಟಗರು ಮರಿ ಹೋಗಲೇಬೇಕು. ಬೆಳಗಿನ ಜಾವ, ಹುಡುಗ ಏಳುವುದರೊಳಗೆ, ಹಗ್ಗ ಕೈ ಬದಲಾಗುತ್ತದೆ.

ಬಂದ ದುಡ್ಡಲ್ಲಿ ಸಾಲಕ್ಕೆ ಇಷ್ಟು, ಹಬ್ಬಕ್ಕೆ ಇಷ್ಟು, ಅರಸೀಕೆರೆ ಸಂತೆಯಿಂದ ಕುಂಬಳದ ಬೀಜ ಮತ್ತು ಎರಡು ಉಂಡೆ ಉಲ್ಲನ್. ಹೊಸತೊಡಕಿನ ದಿನ ಹುಡುಗ ಬಾಡು ಮುಟ್ಟುವುದಿಲ್ಲ, ಮಾತೂ ಆಡುವುದಿಲ್ಲ. ಮೂರನೇ ದಿನ ಸಂಜೆ, ಯಾರೂ ಹೇಳದೆ, ಹೆಣ್ಣು ಮರಿಗೆ ಅಗಸೆ ಸೊಪ್ಪು ಮುರಿಯಲು ಮರ ಹತ್ತಿರುತ್ತಾನೆ.