ಕವಿಗಳನ್ನು ತಿಂದ ಕ್ಷಯ

ಕವಿ ಪರಿಚಯದಲ್ಲಿ ಹೆಸರಿನ ಪಕ್ಕ ಎರಡು ಇಸವಿ ಇರುತ್ತವೆ. ಯಾವತ್ತಾದರೂ ಕಳೆದು ನೋಡಿದ್ದೀರಾ? ಇಂಗ್ಲೆಂಡಿನ ಕವಿ ಜಾನ್ ಕೀಟ್ಸ್ ಹುಟ್ಟಿದ್ದು 1795ರ ಅಕ್ಟೋಬರಿನಲ್ಲಿ, ತೀರಿಕೊಂಡಿದ್ದು 1821ರ ಫೆಬ್ರವರಿಯಲ್ಲಿ. ಬರೀ 25 ವರ್ಷ! ನಮ್ಮ ಮುದ್ದಣ 1870ರಿಂದ 1901. ಇಬ್ಬರನ್ನೂ ತಿಂದದ್ದು ಒಂದೇ ಕಾಯಿಲೆ, ಕ್ಷಯ.

ಕೀಟ್ಸ್ ವೈದ್ಯ ಕಲಿತವನು. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ತರಬೇತಿ ಪಡೆದು 1816ರಲ್ಲಿ ಪರೀಕ್ಷೆಯನ್ನೂ ಪಾಸು ಮಾಡಿದ್ದ. ತಾಯಿ ಕ್ಷಯದಿಂದಲೇ ಹೋಗಿದ್ದಳು. ತಮ್ಮ ಟಾಮ್‌ನಿಗೂ ಅದೇ ಬಂತು. ಕೀಟ್ಸ್ ಅವನ ಹಾಸಿಗೆ ಪಕ್ಕ ಕೂತು ಆರೈಕೆ ಮಾಡಿದ. 1818ರ ಡಿಸೆಂಬರಿನಲ್ಲಿ ಟಾಮ್ ಸತ್ತ. 1820ರ ಫೆಬ್ರವರಿ 3ರ ರಾತ್ರಿ ಕೀಟ್ಸ್‌ಗೆ ಕೆಮ್ಮು ಬಂದು ಹಾಸಿಗೆ ಮೇಲೆ ರಕ್ತ ಬಿತ್ತು. ಮೇಣದಬತ್ತಿ ತರಿಸಿ ಅದರ ಬಣ್ಣ ನೋಡಿದ. ಓದಿದವನಲ್ವಾ, ತಿಳಿದುಬಿಟ್ಟಿತು. ಇನ್ನು ನಾನು ಉಳಿಯೋದಿಲ್ಲ ಅಂತ ಗೆಳೆಯನಿಗೆ ಆಗಲೇ ಹೇಳಿದನಂತೆ.

ಆಗಿನ ಚಿಕಿತ್ಸೆ ಏನು ಗೊತ್ತೇ? ರೋಗಿಯ ಮೈಯಿಂದ ರಕ್ತ ತೆಗೆಯುವುದು, ಊಟ ಕಡಿಮೆ ಮಾಡುವುದು. ಮೊದಲೇ ರಕ್ತ ಕಾರುವವನಿಗೆ ಇದು! ಬೆಚ್ಚನೆ ಹವೆ ಒಳ್ಳೆಯದೆಂದು ಇಟಲಿಯ ರೋಮ್ ನಗರಕ್ಕೆ ಕಳಿಸಿದರು. ಜೊತೆಗೆ ಹೋದವನು ಸೆವೆರ್ನ್ ಎಂಬ ಚಿತ್ರಕಾರ ಗೆಳೆಯ. ಅಲ್ಲೂ ಒಂದು ಚಿಕ್ಕ ಮೀನು, ಒಂದು ತುಂಡು ರೊಟ್ಟಿ, ಇಷ್ಟೇ ದಿನದ ಊಟ. ಹಸಿವೆ ಅಂತ ಬೇಡಿದರೂ ಕೊಡುತ್ತಿರಲಿಲ್ಲ. ಫೆಬ್ರವರಿ 23ರ ರಾತ್ರಿ ಸೆವೆರ್ನ್‌ನ ತೋಳಿನಲ್ಲೇ ಪ್ರಾಣ ಬಿಟ್ಟ.

ಅವನು ಸತ್ತ ಮೇಲೆ ಕೋಣೆಯ ಸಾಮಾನನ್ನೆಲ್ಲ ಸುಡಿಸಿದರು. ಕ್ಷಯ ಅಂಟುರೋಗ ಎಂದು ಇಟಲಿಯವರು ನಂಬಿದ್ದರು. ಇಂಗ್ಲೆಂಡಿನ ಬಹಳ ವೈದ್ಯರು ಮನೆತನದಿಂದ ಬರುವುದು ಅನ್ನುತ್ತಿದ್ದರು. ಬಿಳಿಚಿಕೊಂಡು ಸೊರಗಿದವರೇ ಚಂದ ಎನ್ನುವ ಹುಚ್ಚು ಬೇರೆ ಆಗ ಇತ್ತು! ಇಟಲಿಯವರ ಮಾತೇ ನಿಜವಾಯಿತು. 1882ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟ. ರೋಗಿ ಕೆಮ್ಮಿದಾಗ ಅದು ಗಾಳಿಯಲ್ಲಿ ಸೇರಿ ಇನ್ನೊಬ್ಬರ ಶ್ವಾಸಕೋಶಕ್ಕೆ ಹೋಗುತ್ತದೆ. ಟಾಮ್‌ನ ಪಕ್ಕ ಕೂತ ದಿನಗಳಲ್ಲೇ ಅಣ್ಣನಿಗೂ ತಗುಲಿರಬಹುದು.

ಮುದ್ದಣ ಅಂದರೆ ನಂದಳಿಕೆಯ ಲಕ್ಷ್ಮೀನಾರಣಪ್ಪ. ಉಡುಪಿಯಲ್ಲಿ ಡ್ರಿಲ್ ಮಾಸ್ತರರಾಗಿದ್ದರು. ಮಕ್ಕಳಿಗೆ ಕಸರತ್ತು ಕಲಿಸುತ್ತಿದ್ದವರಿಗೇ ಈ ರೋಗ! ತಾವು ಬರೆದದ್ದನ್ನೇ ಯಾರೋ ಹಳೇ ಕವಿಯದ್ದು ಎಂಬಂತೆ ಮೈಸೂರಿಗೆ ಕಳಿಸಿ ಅಚ್ಚು ಹಾಕಿಸಿದರು. ಮುದ್ದಣ ಮನೋರಮೆಯರ ಮಾತುಕತೆ ಬರುವ ಶ್ರೀರಾಮಾಶ್ವಮೇಧ ಅವರದೇ. ಅವರು ತೀರಿಕೊಂಡಾಗ ರೋಗಾಣು ಸಿಕ್ಕಿ 19 ವರ್ಷವಾಗಿತ್ತು. ಆದರೆ ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ.

ಈಗ ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಪುಕ್ಕಟೆ, ಮಾತ್ರೆಯೂ ಪುಕ್ಕಟೆ. ಸಾಮಾನ್ಯವಾಗಿ ಆರು ತಿಂಗಳು ನುಂಗಬೇಕು. ಎರಡೇ ತಿಂಗಳಲ್ಲಿ ಮೈ ಹಗುರಾಯಿತು ಅಂತ ಬಿಟ್ಟರೆ, ಉಳಿದ ರೋಗಾಣು ಮತ್ತೆ ಆ ಮಾತ್ರೆಗೆ ಬಗ್ಗದೆ ಹೋಗಬಹುದು.