ಮಗುವಿನ ಮೊದಲ ಡ್ರಮ್ ಸೆಟ್

ಡ್ರಮ್ ಸೆಟ್ ನೋಡುವವರಿಗೆ ಕೈಚಳಕದ ವಾದ್ಯ. ಅದನ್ನು ಒಬ್ಬರೇ ಕೂತು ನುಡಿಸುವಂತೆ ಮಾಡಿದ್ದು ಮಾತ್ರ ಕಾಲು. ಹಿಂದೆ ಅಮೆರಿಕದ ಬ್ಯಾಂಡುಗಳಲ್ಲಿ ದೊಡ್ಡ ಬೇಸ್ ಡ್ರಮ್ಮಿಗೊಬ್ಬ, ಸ್ನೇರ್ ಎಂಬ ಚಿಕ್ಕ ಡ್ರಮ್ಮಿಗೊಬ್ಬ ಬೇಕಾಗುತ್ತಿತ್ತು. 1909ರಲ್ಲಿ ಷಿಕಾಗೊದ ವಿಲಿಯಂ ಲುಡ್ವಿಗ್ ವೇಗವಾಗಿ ತುಳಿಯಬಲ್ಲ ಪೆಡಲ್ ತಯಾರಿಸಿದ ಮೇಲೆ ಬೇಸ್ ಡ್ರಮ್ಮಿನ ಕೆಲಸ ಬಲಗಾಲಿಗೆ ಬಿತ್ತು. 1920ರ ದಶಕದಲ್ಲಿ ಎಡಗಾಲಿಗೆ ಹೈ-ಹ್ಯಾಟ್, ಅಂದರೆ ತುಳಿದಾಗ ಒಂದಕ್ಕೊಂದು ತಾಗುವ ಜೋಡಿ ಸಿಂಬಲ್, ಸಿಕ್ಕಿತು. ಹಾಗಾಗಿ ಮಗುವಿಗೆ ಸೆಟ್ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಮಗುವಿನ ಕಾಲಿನ ಉದ್ದ. ಡಬ್ಬದ ಮೇಲೆ ಬರೆದ ವಯಸ್ಸು, ಚಿತ್ರದಲ್ಲಿ ಕಾಣುವ ಡ್ರಮ್ಮುಗಳ ಸಂಖ್ಯೆ ಎಲ್ಲ ಆಮೇಲೆ.

ದೊಡ್ಡವರ ಸೆಟ್ಟಿನಲ್ಲಿ ಬೇಸ್ ಡ್ರಮ್ಮಿನ ವ್ಯಾಸ ಸಾಮಾನ್ಯವಾಗಿ 20 ಅಥವಾ 22 ಇಂಚು, ಸ್ನೇರಿನದು 14 ಇಂಚು. ಮಕ್ಕಳ ಜೂನಿಯರ್ ಸೆಟ್ಟುಗಳಲ್ಲಿ ಬೇಸ್ ಡ್ರಮ್ 16 ಇಂಚಿನ ಆಸುಪಾಸಿನಲ್ಲಿದ್ದು, ಸ್ನೇರ್ 10 ಅಥವಾ 12 ಇಂಚಿಗೆ ಇಳಿಯುತ್ತದೆ. ಬೇಸ್, ಸ್ನೇರ್, ಬೇಸ್ ಡ್ರಮ್ಮಿನ ಮೇಲೆ ಕೂರುವ ಒಂದು ಟಾಮ್ ಇರುವ ಮೂರು ಡ್ರಮ್ಮಿನ ಸೆಟ್ ನಾಲ್ಕೈದು ವರ್ಷದವರಿಗೆ ಹೊಂದುತ್ತದೆ. ಐದು ಡ್ರಮ್ಮಿನ ಜೂನಿಯರ್ ಸೆಟ್ ಒಂಬತ್ತು-ಹತ್ತರವರೆಗೂ ನಡೆದೀತು. ಆದರೆ ಎಂಟು ವರ್ಷಕ್ಕೇ ಎತ್ತರ ಬೆಳೆದ ಮಗುವಿಗೆ 20 ಇಂಚಿನ ಬೇಸ್ ಇರುವ ಪೂರ್ಣ ಸೆಟ್ಟನ್ನೇ ಕೊಡಿಸುವುದು ಜಾಣತನ, ಇಲ್ಲವಾದರೆ ಎರಡು ವರ್ಷದಲ್ಲಿ ಮತ್ತೆ ಅಂಗಡಿ ಮೆಟ್ಟಿಲು ಹತ್ತಬೇಕಾಗುತ್ತದೆ.

ಅಳತೆ ಸರಿಯಿದೆಯೇ ಎಂದು ತಿಳಿಯಲು ಮಗುವನ್ನು ಅಂಗಡಿಯಲ್ಲೇ ಸ್ಟೂಲಿನ ಮೇಲೆ ಕೂರಿಸಿ ನೋಡಬೇಕು. ಬೆನ್ನು ನೆಟ್ಟಗಿರುವಾಗ ಎರಡೂ ಪಾದಗಳು ಪೆಡಲುಗಳ ಮೇಲೆ ಪೂರ್ತಿ ಊರಬೇಕು. ತೊಡೆಗಳು ಮಂಡಿಯ ಕಡೆಗೆ ತುಸು ಇಳಿಜಾರಾಗಿರಬೇಕು. ಸ್ನೇರ್ ತೊಡೆಗಿಂತ ಸ್ವಲ್ಪ ಮೇಲೆ ನಿಂತು, ಮೊಣಕೈ ಎತ್ತದೆಯೇ ಕೋಲು ಅದರ ನಡುವಿಗೆ ತಾಗಬೇಕು. ಸಿಂಬಲ್ ಮುಟ್ಟಲು ಮಗು ಸ್ಟೂಲಿನಿಂದ ಏಳುತ್ತಿದ್ದರೆ ಆ ಸೆಟ್ ದೊಡ್ಡದಾಯಿತು. ಸ್ಟೂಲಿನ ಎತ್ತರ ಬದಲಾಯಿಸಲು ಬರದ ಸೆಟ್ಟುಗಳೂ ಮಾರಾಟಕ್ಕಿರುತ್ತವೆ. ಅವುಗಳ ತಂಟೆಗೆ ಹೋಗದಿರುವುದು ಮೇಲು.

ಆಟಿಕೆಗೂ ವಾದ್ಯಕ್ಕೂ ಇರುವ ವ್ಯತ್ಯಾಸ ಹೊಳಪಿನಲ್ಲಿ ಗೊತ್ತಾಗುವುದಿಲ್ಲ. ಡ್ರಮ್ಮಿನ ಸುತ್ತ ಉದ್ದದ ಸ್ಕ್ರೂಗಳಿದ್ದು, ಕೀಯಿಂದ ತಿರುಗಿಸಿದಾಗ ಹೊದಿಕೆ ಬಿಗಿಯಾಗಿ ಶ್ರುತಿ ಏರುತ್ತದೆಯೇ? ಪೆಡಲಿಗೆ ಸ್ಪ್ರಿಂಗ್ ಇದ್ದು, ತುಳಿದಾಗ ಡ್ರಮ್ಮಿಗೆ ಬಡಿಯುವ ಬೀಟರ್ ತಾನಾಗಿ ಹಿಂದಕ್ಕೆ ಬರುತ್ತದೆಯೇ? ಎರಡಕ್ಕೂ ಹೌದು ಎಂದರೆ ಅದು ವಾದ್ಯ. ಎರಡು ವರ್ಷದ ಕೂಸಿಗೆ ಆಟಿಕೆಯೇ ಸಾಕು, ಆದರೆ ಅದರ ಮೇಲೆ ಪಾಠ ಸಾಗುವುದಿಲ್ಲ.

ಹಣ ಎಲ್ಲಿ ಹಾಕಬೇಕು ಎಂಬಲ್ಲಿ ಹೆಚ್ಚಿನ ಪೋಷಕರು ಎಡವುತ್ತಾರೆ. ಐದು ಡ್ರಮ್ಮು ಕಣ್ಣು ತುಂಬುತ್ತವೆ ನಿಜ. ಆದರೆ ಸಿನಿಮಾ ಹಾಡುಗಳ ಸಾಮಾನ್ಯ ಬೀಟ್ ನುಡಿಸಲು ಬೇಸ್, ಸ್ನೇರ್, ಹೈ-ಹ್ಯಾಟ್ ಈ ಮೂರೇ ಸಾಕು. ಕಲಿಕೆಯ ಮೊದಲ ವರ್ಷ ಬಹುಮಟ್ಟಿಗೆ ಇವುಗಳಲ್ಲೇ ಕಳೆಯುತ್ತದೆ. ಅಗ್ಗದ ಸೆಟ್ಟುಗಳ ಜೊತೆ ಬರುವ ಸಿಂಬಲ್‌ಗಳು ಹಿತ್ತಾಳೆಯವು. ಬಾರಿಸಿದರೆ ಸ್ಟೀಲ್ ತಟ್ಟೆ ಬಿದ್ದಂತೆ ಕೇಳುತ್ತವೆ, ಬೇಗ ಬಾಗುತ್ತವೆ. ಒಳ್ಳೆಯ ಸಿಂಬಲ್ ಕಂಚಿನದು: ತಾಮ್ರಕ್ಕೆ ಶೇ 8ರಷ್ಟು ತವರ ಬೆರೆತದ್ದು ಮಧ್ಯಮ ದರ್ಜೆ, ಶೇ 20ರಷ್ಟು ಬೆರೆತದ್ದು ಮೇಲ್ದರ್ಜೆ. ಎರಡು ಹೆಚ್ಚುವರಿ ಟಾಮ್‌ಗಳ ಬದಲು ಒಂದು ಜೋಡಿ ಕಂಚಿನ ಹೈ-ಹ್ಯಾಟ್, ಗಟ್ಟಿ ಪೆಡಲ್ ಮತ್ತು ಅಲುಗದ ಸ್ಟೂಲು ಕೊಂಡರೆ ಮಗುವಿನ ಕಿವಿಯೂ ಕಾಲೂ ಸರಿಯಾಗಿ ಪಳಗುತ್ತವೆ.

ಇನ್ನು ಸದ್ದಿನ ಪ್ರಶ್ನೆ. ಡ್ರಮ್ ಸೆಟ್ಟಿನ ಸದ್ದು ನುಡಿಸುವವರ ಕಿವಿಯ ಬಳಿ 100 ಡೆಸಿಬೆಲ್ ಮೀರುವುದು ಮಾಮೂಲು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ಹಾಕಿಕೊಟ್ಟ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಾಗಲೂ ಅವಧಿ ಅರ್ಧವಾಗುತ್ತದೆ. ಆ ಪ್ರಕಾರ 100 ಡೆಸಿಬೆಲ್‌ಗೆ ಸಿಗುವುದು 15 ನಿಮಿಷ, ಅದೂ ದುಡಿಯುವ ವಯಸ್ಕರಿಗೆ. ಆದ್ದರಿಂದ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಸೆಟ್ಟಿನ ಜೊತೆಗೇ ಮನೆಗೆ ಬರಬೇಕು. ಕಿವಿಗೆ ಹತ್ತಿ ತುರುಕಿದರೆ ಆಗುವ ಪ್ರಯೋಜನ ಅಷ್ಟಕ್ಕಷ್ಟೇ. ನೆರೆಯವರ ವಿಚಾರಕ್ಕೆ ಬಂದರೆ, ಭಾರತದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರ ನಂತರ 45 ಡೆಸಿಬೆಲ್ ಮಿತಿ ಇಟ್ಟಿವೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಡ್ರಮ್ ಬಾರಿಸಿ ಆ ಮಿತಿಯೊಳಗೆ ಉಳಿಯುವುದು ಕಷ್ಟ. ಡ್ರಮ್ಮಿನ ಮೇಲೆ ಹಾಕುವ ರಬ್ಬರ್ ಪ್ಯಾಡ್, ಬಲೆಯಂಥ ಮೆಶ್ ಹೊದಿಕೆ, ತೂತುಗಳಿರುವ ಕಡಿಮೆ ಸದ್ದಿನ ಸಿಂಬಲ್ ಇವುಗಳಿಂದ ಸದ್ದು ಸಾಕಷ್ಟು ತಗ್ಗುತ್ತದೆ.

ಎಲೆಕ್ಟ್ರಾನಿಕ್ ಸೆಟ್ ಇನ್ನೊಂದು ದಾರಿ. 1997ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಮೆಶ್ ಪ್ಯಾಡುಗಳ ಸೆಟ್ ಹೊರತಂದಾಗಿನಿಂದ ಕೋಲು ಪುಟಿಯುವ ಅನುಭವ ನಿಜವಾದ ಡ್ರಮ್ಮಿಗೆ ಹತ್ತಿರವಾಗಿದೆ. ಗಟ್ಟಿ ರಬ್ಬರ್ ಪ್ಯಾಡು ಮಾತ್ರ ಮಣಿಕಟ್ಟಿಗೆ ಹೊಡೆತ ಕೊಡುತ್ತದೆ. ಹೆಡ್‌ಫೋನ್ ಹಾಕಿಕೊಂಡರೆ ಮನೆ ಶಾಂತ. ಆದರೂ ಕಾಲಿನ ಹೊಡೆತ ನೆಲದ ಮೂಲಕ ಕೆಳಮನೆಗೆ ಧಡ್ ಧಡ್ ಎಂದು ಇಳಿಯುತ್ತದೆ, ಅದಕ್ಕೆ ದಪ್ಪ ರಬ್ಬರ್ ಮ್ಯಾಟ್ ಬೇಕು. ಹೆಡ್‌ಫೋನಿನ ಸದ್ದಿಗೂ ಮಿತಿ ಇರಲಿ: ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹೇಳಿರುವುದು 75 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಕೊಳ್ಳುವಾಗ ಪೆಡಲಿಗೆ ಬೀಟರ್ ಇದೆಯೇ ಎಂದು ನೋಡಬೇಕು. ಸುರುಳಿ ಸುತ್ತಿಡುವ ಮೇಜಿನ ಡ್ರಮ್ಮುಗಳಲ್ಲಿ ಪೆಡಲ್ ಎಂದರೆ ಬರೀ ಸ್ವಿಚ್ಚು. ನಮ್ಮ ಆರ್ಕೆಸ್ಟ್ರಾ ವೇದಿಕೆಗಳ ಆಕ್ಟೋಪ್ಯಾಡೂ ಮುಖ್ಯವಾಗಿ ಕೈಯ ವಾದ್ಯವೇ. ಅದು ಬೇರೆಯದೇ ವಿದ್ಯೆ, ಡ್ರಮ್ ಸೆಟ್ಟಿಗೆ ಬದಲಿಯಲ್ಲ.

ಮಗುವಿನ ಆಸೆ ಎಷ್ಟು ಗಟ್ಟಿ ಎಂಬ ಅನುಮಾನವಿದ್ದರೆ ರಬ್ಬರ್ ಪ್ರಾಕ್ಟೀಸ್ ಪ್ಯಾಡ್ ಮತ್ತು ಒಂದು ಜೊತೆ ಕೋಲಿನಿಂದ ಶುರು ಮಾಡಬಹುದು. ದೊಡ್ಡವರು ಬಳಸುವ 5ಎ ಕೋಲು ಸುಮಾರು 16 ಇಂಚು ಉದ್ದ, 14 ಮಿ.ಮೀ. ದಪ್ಪ. ಪುಟ್ಟ ಕೈಗೆ 13 ಇಂಚಿನ ಆಸುಪಾಸಿನ ಮಕ್ಕಳ ಕೋಲೇ ಸರಿ. ಕೈ ಬೆಳೆದಂತೆ ತೆಳುವಾದ 7ಎಗೆ ಹೋಗಬಹುದು. ಬಲ-ಎಡ, ಬಲ-ಬಲ-ಎಡ-ಎಡ, ಪ್ಯಾರಾಡಿಡಲ್ ಮುಂತಾದ ಮೊದಲ ಪಾಠಗಳಿಗೆ ಪ್ಯಾಡಿಗಿಂತ ಹೆಚ್ಚೇನೂ ಬೇಡ.

ಮಕ್ಕಳು ಬೇಗ ಬೆಳೆಯುವುದರಿಂದ ಸೆಕೆಂಡ್ ಹ್ಯಾಂಡ್ ಜೂನಿಯರ್ ಸೆಟ್ಟುಗಳು ಒಳ್ಳೆಯ ಸ್ಥಿತಿಯಲ್ಲೇ ಸಿಗುತ್ತವೆ. ಹೊದಿಕೆ ತಗ್ಗಿದ್ದರೆ ಚಿಂತೆಯಿಲ್ಲ, ಬದಲಾಯಿಸಬಹುದು. ಡ್ರಮ್ಮಿನ ಮೈ ಸೊಟ್ಟಗಾಗಿದ್ದರೆ, ಸ್ಕ್ರೂಗಳ ಮರೆ ಸವೆದಿದ್ದರೆ, ಸಿಂಬಲ್‌ನ ಅಂಚು ಬಿರುಕು ಬಿಟ್ಟಿದ್ದರೆ ಬೇಡ. ಮಂಗಳೂರು, ಕಾರವಾರದಂಥ ಕರಾವಳಿ ಊರುಗಳಲ್ಲಿ ಸ್ಟ್ಯಾಂಡುಗಳ ತುಕ್ಕನ್ನೂ ಗಮನಿಸಬೇಕು. ಮನೆಯಲ್ಲಿ ಜೋಡಿಸುವಾಗ ಕೆಳಗೆ ದಪ್ಪ ಜಮಖಾನೆ ಹಾಸಿದರೆ ಬೇಸ್ ಡ್ರಮ್ ಮುಂದಕ್ಕೆ ಜಾರುವುದಿಲ್ಲ. ಹೊದಿಕೆ ಬಿಗಿಯುವಾಗ ಸ್ಕ್ರೂಗಳನ್ನು ಸುತ್ತಲೂ ಸಾಲಾಗಿ ತಿರುಗಿಸದೆ ಎದುರುಬದುರಿನವನ್ನು ಜೋಡಿಯಾಗಿ ತಿರುಗಿಸಬೇಕು. ಎಡಗೈ ಮಗುವಾದರೆ ಇಡೀ ಸೆಟ್ಟನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಜೋಡಿಸಬಹುದು. ಅದಕ್ಕೆ ಬೇರೆ ಸೆಟ್ ಕೊಳ್ಳುವ ಅಗತ್ಯವಿಲ್ಲ.