ಮಾಯವಾದ ವಿಮಾನ ಮತ್ತು ಅಂತೆ ಕಂತೆಗಳ ಸಂತೆ

ವಿಮಾನವೊಂದು ಬಿದ್ದರೆ ಜನ ಮರುಗುತ್ತಾರೆ, ಕಾರಣ ಕೇಳುತ್ತಾರೆ, ಕೆಲವು ದಿನಗಳಲ್ಲಿ ಮರೆಯುತ್ತಾರೆ. ಆದರೆ ಬಿದ್ದದ್ದೇ ಕಾಣದೆ ಮಾಯವಾದರೆ? ಆಗ ಪ್ರತಿಯೊಬ್ಬನೂ ತನಿಖಾಧಿಕಾರಿಯಾಗುತ್ತಾನೆ. ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್ 370 ವಿಮಾನದ ವಿಷಯದಲ್ಲಿ ಆದದ್ದು ಇದೇ.

2014ರ ಮಾರ್ಚ್ 8ರಂದು ಮಧ್ಯರಾತ್ರಿ ಕಳೆದ ಮೇಲೆ ಈ ಬೋಯಿಂಗ್ 777 ವಿಮಾನ ಕ್ವಾಲಾಲಂಪುರದಿಂದ ಬೀಜಿಂಗ್‌ಗೆ ಹೊರಟಿತು. ಒಳಗೆ 227 ಪ್ರಯಾಣಿಕರು, 12 ಮಂದಿ ಸಿಬ್ಬಂದಿ. ಪ್ರಯಾಣಿಕರಲ್ಲಿ ಹೆಚ್ಚಿನವರು ಚೀನೀಯರು. ಐವರು ಭಾರತೀಯರೂ ಇದ್ದರು. 1 ಗಂಟೆ 19 ನಿಮಿಷಕ್ಕೆ ವಿಮಾನದಿಂದ ‘ಗುಡ್ ನೈಟ್’ ಎಂಬ ಮಾಮೂಲಿ ಮಾತು ಕೇಳಿಬಂತು. ಎರಡೇ ನಿಮಿಷದಲ್ಲಿ ಅದು ನಿಯಂತ್ರಕರ ರೇಡಾರ್ ಪರದೆಯಿಂದ ಮರೆಯಾಯಿತು. ಅಪಾಯದ ಕರೆಯಿಲ್ಲ, ಕೆಟ್ಟ ಹವೆಯ ಸೂಚನೆಯಿಲ್ಲ.

ಮರುದಿನದಿಂದಲೇ ಅಂತೆ ಕಂತೆಗಳ ಸಂತೆ ಶುರುವಾಯಿತು. ಇಬ್ಬರು ಪ್ರಯಾಣಿಕರು ಕದ್ದ ಪಾಸ್‌ಪೋರ್ಟ್ ಬಳಸಿದ್ದಾರೆಂದು ತಿಳಿದಾಗ ಭಯೋತ್ಪಾದಕರ ಕೃತ್ಯವೆಂದರು. ಅವರು ಯುರೋಪಿನಲ್ಲಿ ನೆಲೆ ಅರಸಿ ಹೊರಟಿದ್ದ ಇರಾನಿನ ಯುವಕರೆಂದು ಕೆಲವೇ ದಿನಗಳಲ್ಲಿ ಗೊತ್ತಾಯಿತು. ವಿಮಾನವನ್ನು ಡಿಯೆಗೋ ಗಾರ್ಸಿಯಾ ದ್ವೀಪದ ಸೇನಾ ನೆಲೆಯಲ್ಲಿ ಇಳಿಸಿದ್ದಾರೆ ಎಂಬ ಗುಲ್ಲೆದ್ದಿತು, ಅಮೆರಿಕ ಅಲ್ಲಗಳೆಯಿತು. ಮಾಲ್ಡೀವ್ಸ್‌ನ ದ್ವೀಪವೊಂದರ ಜನ ತೀರಾ ತಗ್ಗಿನಲ್ಲಿ ಹಾರುವ ವಿಮಾನ ಕಂಡೆವೆಂದರು. ಆಸ್ಟ್ರೇಲಿಯದ ಕಂಪೆನಿಯೊಂದು ಬಂಗಾಳ ಕೊಲ್ಲಿಯಲ್ಲಿ ಅವಶೇಷ ಇದೆಯೆಂದಿತು; ಬಾಂಗ್ಲಾದೇಶದ ನೌಕಾಪಡೆ ಹುಡುಕಿ ಬರಿಗೈಯಲ್ಲಿ ಮರಳಿತು. ಕ್ವಾಲಾಲಂಪುರದ ವಿಮಾನ ನಿಲ್ದಾಣಕ್ಕೆ ಮಂತ್ರವಾದಿಯೊಬ್ಬ ತೆಂಗಿನಕಾಯಿ, ಬಿದಿರಿನ ದುರ್ಬೀನು ಹಿಡಿದು ಬಂದ. ಅಮೆರಿಕದ ಸುದ್ದಿ ವಾಹಿನಿಯೊಂದರಲ್ಲಿ ‘ಕಪ್ಪು ರಂಧ್ರ’ ನುಂಗಿರಬಹುದೇ ಎಂಬ ಪ್ರಶ್ನೆಯೂ ಚರ್ಚೆಗೆ ಬಂತು!

ಇಷ್ಟೊಂದು ಊಹೆ ಏಕೆ?

ಜನರನ್ನು ಮೂಢರೆಂದು ಜರೆದರೆ ಉತ್ತರ ಸಿಗುವುದಿಲ್ಲ. ಗೋರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1947ರಲ್ಲೇ ಗಾಳಿಸುದ್ದಿಯ ಕುರಿತು ಒಂದು ಸೂತ್ರ ಹೇಳಿದ್ದರು. ವಿಷಯ ಎಷ್ಟು ಮಹತ್ವದ್ದೋ, ಮಾಹಿತಿ ಎಷ್ಟು ಅಸ್ಪಷ್ಟವೋ, ಅವೆರಡರ ಗುಣಲಬ್ಧದಷ್ಟು ವದಂತಿ ಹಬ್ಬುತ್ತದೆ. ಎರಡರಲ್ಲಿ ಒಂದು ಸೊನ್ನೆಯಾದರೆ ವದಂತಿಯೂ ಸೊನ್ನೆ.

ಎಂಎಚ್ 370ರಲ್ಲಿ ಎರಡೂ ತುಂಬಿ ತುಳುಕುತ್ತಿದ್ದವು. ಮೊದಲ ವಾರವೆಲ್ಲ ಹಲವು ದೇಶಗಳ ಹಡಗುಗಳು ದಕ್ಷಿಣ ಚೀನಾ ಸಮುದ್ರವನ್ನು ಜಾಲಾಡಿದವು. ಆದರೆ ವಿಮಾನ ಪಶ್ಚಿಮಕ್ಕೆ ತಿರುಗಿ, ಮಲಯ ಪರ್ಯಾಯದ್ವೀಪ ದಾಟಿ ಅಂಡಮಾನ್ ಸಮುದ್ರದತ್ತ ಸಾಗಿದ ಗುರುತು ಮಲೇಷ್ಯಾದ ಸೇನಾ ರೇಡಾರ್‌ನಲ್ಲೇ ಇತ್ತು. ವಿಮಾನವನ್ನು ಯಾರೋ ಉದ್ದೇಶಪೂರ್ವಕ ತಿರುಗಿಸಿದಂತಿದೆ ಎಂದು ಪ್ರಧಾನಿ ನಜೀಬ್ ರಜಾಕ್ ಹೇಳಿದ್ದು ಮಾರ್ಚ್ 15ರಂದು. ಒಂದು ದಿನ ಒಪ್ಪಿದ್ದನ್ನು ಮರುದಿನ ನಿರಾಕರಿಸುವ ಅಧಿಕಾರಿಗಳನ್ನು ಕಂಡ ಮೇಲೆ ಏನೋ ಮುಚ್ಚಿಡುತ್ತಿದ್ದಾರೆ ಎಂದು ಜನ ಭಾವಿಸಿದ್ದರಲ್ಲಿ ಅಚ್ಚರಿಯಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆ ಇಂಥ ಹೊತ್ತಿನಲ್ಲೇ ನೆನಪಾಗುವುದು.

ಆಂಡಿಸ್ ಪರ್ವತದ ಪಾಠ

ಇಂಥದೇ ಇನ್ನೊಂದು ಪ್ರಕರಣ ನಡೆದದ್ದು ಆಲ್‌ಪೋರ್ಟ್ ಸೂತ್ರ ಬಂದ 1947ರಲ್ಲೇ. ಆ ಆಗಸ್ಟ್ 2ರಂದು ‘ಸ್ಟಾರ್ ಡಸ್ಟ್’ ಎಂಬ ಬ್ರಿಟಿಷ್ ವಿಮಾನ ಬ್ಯೂನಸ್ ಐರಿಸ್‌ನಿಂದ ಚಿಲಿಯ ಸಾಂತಿಯಾಗೊಕ್ಕೆ ಹೊರಟಿತು. ಇದ್ದವರು 11 ಮಂದಿ. ಇನ್ನು ನಾಲ್ಕು ನಿಮಿಷದಲ್ಲಿ ತಲುಪುತ್ತೇವೆ ಎಂದು ಮೋರ್ಸ್ ಸಂಕೇತದಲ್ಲಿ ತಿಳಿಸಿದ ರೇಡಿಯೋ ಆಪರೇಟರ್, ಕೊನೆಗೆ ‘ಸ್ಟೆಂಡೆಕ್’ ಎಂಬ ಪದ ಸೇರಿಸಿದ. ಚಿಲಿಯ ಆಪರೇಟರ್‌ಗೆ ಅರ್ಥವಾಗದೆ ಮತ್ತೆ ಕೇಳಿದಾಗ ಅದೇ ಪದ ಇನ್ನೆರಡು ಬಾರಿ ಬಂತು. ಆಮೇಲೆ ಮೌನ.

ಪ್ರಯಾಣಿಕರಲ್ಲಿ ಬ್ರಿಟನ್ನಿನ ರಾಜತಾಂತ್ರಿಕ ದಾಖಲೆ ಒಯ್ಯುವ ದೂತನೊಬ್ಬನಿದ್ದ. ಕೋಟಿನ ಒಳಪದರದಲ್ಲಿ ವಜ್ರ ಹೊಲಿಸಿಕೊಂಡಿದ್ದನೆನ್ನಲಾದ ಮತ್ತೊಬ್ಬನಿದ್ದ. ಕತೆಗೆ ಇಷ್ಟು ಸಾಲದೆ? ಬಾಂಬು, ಗೂಢಚಾರರು, ಕೊನೆಗೆ ಅನ್ಯಗ್ರಹ ಜೀವಿಗಳು ಎಲ್ಲರೂ ಬಂದುಹೋದರು. 1970ರ ದಶಕದಲ್ಲಿ ಸ್ಪೇನಿನಲ್ಲಿ ಹಾರುವ ತಟ್ಟೆಗಳ ಕುರಿತ ಪತ್ರಿಕೆಯೊಂದು ‘ಸ್ಟೆಂಡೆಕ್’ ಹೆಸರಿನಲ್ಲೇ ಹೊರಬಂತು.

ಅರ್ಧ ಶತಮಾನದ ಬಳಿಕ, 1998ರಲ್ಲಿ, ತುಪುಂಗಾಟೊ ಪರ್ವತದ ಹಿಮನದಿಯ ಬಳಿ ಅರ್ಜೆಂಟೀನಾದ ಇಬ್ಬರು ಪರ್ವತಾರೋಹಿಗಳಿಗೆ ವಿಮಾನದ ಎಂಜಿನ್ನಿನ ತುಂಡು ಕಂಡಿತು. 2000ದಲ್ಲಿ ಅರ್ಜೆಂಟೀನಾದ ಸೈನಿಕರು ಅಲ್ಲಿಗೆ ಏರಿದರು. ಬಾಂಬಿನ ಕುರುಹು ಇರಲಿಲ್ಲ. ಬಡಿದಾಗ ಪ್ರೊಪೆಲರ್ ತಿರುಗುತ್ತಲೇ ಇತ್ತು. ಅಂದರೆ ಎಂಜಿನ್ನಿಗೆ ದೋಷವಿರಲಿಲ್ಲ. ತನಿಖೆ ಬೆರಳು ತೋರಿದ್ದು ಗಾಳಿಯತ್ತ. ಬಹು ಎತ್ತರದಲ್ಲಿ ಬಿರುಸಾಗಿ ಬೀಸುವ ‘ಜೆಟ್ ಸ್ಟ್ರೀಮ್’ ಗಾಳಿಯ ಬಗ್ಗೆ ಅಂದಿನ ಪೈಲಟ್‌ಗಳಿಗೆ ಹೆಚ್ಚೇನೂ ತಿಳಿದಿರಲಿಲ್ಲ. ಎದುರು ಗಾಳಿಯಲ್ಲಿ ವಿಮಾನ ನಿಧಾನವಾಗಿ ಸಾಗುತ್ತಿದ್ದರೂ ಮೋಡದೊಳಗಿದ್ದ ಪೈಲಟ್ ಪರ್ವತ ದಾಟಿದೆನೆಂದೇ ತಿಳಿದು ಕೆಳಗಿಳಿದ. ಎದುರಿಗಿದ್ದದ್ದು ಸಾಂತಿಯಾಗೊ ಅಲ್ಲ, ಹಿಮದ ಗೋಡೆ. ಕುಸಿದ ಹಿಮ ಎಲ್ಲವನ್ನೂ ಮುಚ್ಚಿತು. ಹಿಮನದಿ ಐದು ದಶಕ ಜರುಗಿ ಅದನ್ನು ಕೆಳಗೆ ತಂದಿಟ್ಟಿತು. ‘ಸ್ಟೆಂಡೆಕ್’ ಪದದ ಅರ್ಥ ಮಾತ್ರ ಖಚಿತವಾಗಿ ಬಿಡಿಸಿಲ್ಲ.

ಐವತ್ತು ವರ್ಷ ಗೂಢಚಾರರ ಸುತ್ತ ಸುತ್ತಿದ ಜನರಲ್ಲಿ ಗಾಳಿಯನ್ನು ಶಂಕಿಸಿದವರು ವಿರಳ. ದೊಡ್ಡ ದುರಂತಕ್ಕೆ ದೊಡ್ಡ ಕಾರಣವೇ ಇರಬೇಕೆಂದು ಮನಸ್ಸು ಹಟ ಹಿಡಿಯುತ್ತದೆ.

ಉಪಗ್ರಹದ ಸುಳಿವು

ಎಂಎಚ್ 370 ಎತ್ತ ಹೋಯಿತೆಂಬ ಸುಳಿವು ಕೊಟ್ಟದ್ದು ಬ್ರಿಟನ್ನಿನ ಇನ್‌ಮಾರ್‌ಸ್ಯಾಟ್ ಸಂಸ್ಥೆಯ ಉಪಗ್ರಹ. ರೇಡಾರ್‌ನಿಂದ ಮರೆಯಾದ ಮೇಲೂ ವಿಮಾನದ ಉಪಕರಣ ಬೆಳಗ್ಗೆ 8.19ರವರೆಗೆ ಆಗಾಗ ಉಪಗ್ರಹಕ್ಕೆ ಸಂಕೇತ ಕಳಿಸುತ್ತಿತ್ತು. ಸಂಕೇತ ತಲುಪಲು ಹಿಡಿದ ಸಮಯದಿಂದ ದೂರ, ಅದರ ಕಂಪನಾಂಕದ ಏರಿಳಿತದಿಂದ ದಿಕ್ಕು ಲೆಕ್ಕ ಹಾಕಿದ ಎಂಜಿನಿಯರುಗಳು ದಕ್ಷಿಣ ಹಿಂದೂ ಮಹಾಸಾಗರದ ಕಡೆ ಕೈತೋರಿದರು. 2015ರ ಜುಲೈನಲ್ಲಿ ರಿಯೂನಿಯನ್ ದ್ವೀಪದ ದಡಕ್ಕೆ ಬಂದ ರೆಕ್ಕೆಯ ಭಾಗ ಇದೇ ವಿಮಾನದ್ದೆಂದು ಖಚಿತವಾಯಿತು. ಆದರೂ 1,20,000 ಚದರ ಕಿಲೋಮೀಟರ್ ಸಾಗರತಳ ಶೋಧಿಸಿ 2017ರ ಜನವರಿಯಲ್ಲಿ ಹುಡುಕಾಟ ನಿಂತಿತು. 2018ರಲ್ಲಿ ಖಾಸಗಿ ಕಂಪೆನಿಯ ಶೋಧವೂ ಫಲ ಕೊಡಲಿಲ್ಲ. ಅದೇ ಕಂಪೆನಿಯೊಡನೆ ಮಲೇಷ್ಯಾ 2025ರಲ್ಲಿ ‘ಸಿಕ್ಕರೆ ಮಾತ್ರ ಹಣ’ ಎಂಬ ಷರತ್ತಿನ ಹೊಸ ಒಪ್ಪಂದ ಮಾಡಿಕೊಂಡಿತು.

ತಿರುವು ತಾನಾಗಿ ಆದದ್ದಲ್ಲ, ಕೈಯಾರೆ ತಿರುಗಿಸಿದ್ದು ಎಂದು 2018ರ ತನಿಖಾ ವರದಿ ಹೇಳಿತು. ಆದರೆ ತಿರುಗಿಸಿದವರು ಯಾರು, ಏಕೆ ಎಂಬುದನ್ನು ನಿರ್ಧರಿಸಲಾಗದೆಂದಿತು. ಈ ವಾಕ್ಯಕ್ಕೂ ಬಹಳ ಮುಂಚೆಯೇ ಪೈಲಟ್ ಅಪರಾಧಿ ಎಂದು ತೀರ್ಪು ಕೊಟ್ಟವರು ಅನೇಕರು. ಆತನ ಮನೆಯ ಸಿಮ್ಯುಲೇಟರ್‌ನಲ್ಲಿ ದಕ್ಷಿಣ ಹಿಂದೂ ಮಹಾಸಾಗರದತ್ತ ಸಾಗುವ ಮಾರ್ಗ ಸಿಕ್ಕಿದ್ದು ನಿಜ. ಅದು ಶಂಕೆಗೆ ಎಡೆಕೊಡುತ್ತದೆ, ಸಾಕ್ಷ್ಯದ ಕೊರತೆಯನ್ನು ತುಂಬುವುದಿಲ್ಲ.

ಊಹೆಯ ಬೆಲೆ ತೆತ್ತವರು ಮನೆಯವರು. ಕಾಣೆಯಾದವರ ಫೋನು ರಿಂಗಾಗುತ್ತಿದೆ ಎಂಬ ಸುದ್ದಿ ಬೀಜಿಂಗ್‌ನ ಹೋಟೆಲಿನಲ್ಲಿ ಕಾದಿದ್ದ ಬಂಧುಗಳಲ್ಲಿ ಆಸೆ ಹುಟ್ಟಿಸಿತು. ವಿಮಾನ ಎಲ್ಲೋ ಇಳಿದಿರಬಹುದೆಂಬ ಪ್ರತಿ ಗುಲ್ಲೂ ಅದನ್ನು ಮತ್ತೆ ಚಿಗುರಿಸಿತು. ಮಾರ್ಚ್ 24ರಂದು ಯಾರೂ ಬದುಕುಳಿದಿಲ್ಲ ಎಂಬ ವಾರ್ತೆ ಕೆಲವರಿಗೆ ತಲುಪಿದ್ದು ಮೊಬೈಲ್ ಸಂದೇಶದ ಮೂಲಕ. ಶವವಿಲ್ಲದೆ ತಿಥಿ ಮಾಡುವುದು ಹೇಗೆಂಬ ಸಂಕಟ ನಮ್ಮವರಿಗೂ ಹೊಸದಲ್ಲ. 2016ರಲ್ಲಿ ತಾಂಬರಂನಿಂದ ಪೋರ್ಟ್‌ಬ್ಲೇರ್‌ಗೆ ಹೊರಟು 29 ಮಂದಿಯೊಡನೆ ಕಣ್ಮರೆಯಾದ ವಾಯುಪಡೆಯ ಎಎನ್-32 ವಿಮಾನದ ಅವಶೇಷ ಬಂಗಾಳ ಕೊಲ್ಲಿಯ 3,400 ಮೀಟರ್ ಆಳದಲ್ಲಿ ಗುರುತಾದದ್ದು 2024ರ ಜನವರಿಯಲ್ಲಿ.

ಜನರ ಕುತೂಹಲವೆಲ್ಲ ಕೆಟ್ಟದ್ದೆನ್ನಲಾಗದು. ಉಪಗ್ರಹದ ಅಂಕಿಅಂಶಗಳು 2014ರ ಮೇ ತಿಂಗಳಲ್ಲಿ ಬಹಿರಂಗವಾದದ್ದು ಬಂಧುಗಳ ಒತ್ತಾಯದಿಂದ. ಮೊಜಾಂಬಿಕ್ ತೀರದಲ್ಲಿ 2016ರಲ್ಲಿ ವಿಮಾನದ ತುಂಡು ಹೆಕ್ಕಿದ್ದು ಅಮೆರಿಕದ ಹವ್ಯಾಸಿಯೊಬ್ಬ. ಇವರು ಪುರಾವೆಯನ್ನು ಕೇಳಿದರು, ಹುಡುಕಿದರು; ಕತೆ ಕಟ್ಟಲಿಲ್ಲ. ವಿಮಾನಗಳು ಕನಿಷ್ಠ 15 ನಿಮಿಷಕ್ಕೊಮ್ಮೆ ತಾವಿರುವ ಸ್ಥಳ ತಿಳಿಸಬೇಕೆಂಬ ಅಂತಾರಾಷ್ಟ್ರೀಯ ನಿಯಮ ಬಂದದ್ದೂ ಈ ದುರಂತದ ನಂತರವೇ. ಇನ್ನೊಂದು ವಿಮಾನ ಹೀಗೆ ಕಳೆದುಹೋಗದಿರಲು ಅದು ನೆರವಾದೀತು. ಮಾಹಿತಿ ಕೈಯಲ್ಲಿದ್ದವರು ಅದನ್ನು ಹೊತ್ತಿಗೆ ಸರಿಯಾಗಿ ಹೇಳಬೇಕೆಂಬ ನಿಯಮವೂ ಅಷ್ಟೇ ಅಗತ್ಯ.